ಓದುಗರ ಪ್ರಶ್ನೆ, ನಮ್ಮ ಉತ್ತರ: ಬಂದರೇ ಇಲ್ಲದೆ ಬಂದರು ಊರಾದ ಬ್ಯೂನಸ್ ಐರಿಸ್

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅರ್ಜೆಂಟೀನಾದ ರಾಜಧಾನಿ ಬಗ್ಗೆನೇ ಇವೆ. ಫುಟ್‌ಬಾಲ್ ಜ್ವರ ಇನ್ನೂ ಇಳಿದಿಲ್ಲ ಅನ್ಸುತ್ತೆ. ಇರ್ಲಿ, ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಈ ಒಂದೇ ಊರಿನ ಕಥೆ ನೋಡೋಣ.

ಪ್ರಶ್ನೆ: ಮೆಸ್ಸಿ ಊರು ಬ್ಯೂನಸ್ ಐರಿಸ್ ತಾನೇ ಸರ್? ಆ ಊರನ್ನ ಎರಡೆರಡು ಸಲ ಕಟ್ಟಿದ್ರು ಅಂತ ಓದಿದೆ. ಒಂದೇ ಊರನ್ನ ಎರಡು ಸಲ ಯಾಕೆ ಕಟ್ಟಬೇಕಾಯ್ತು?
(ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಮೆಸ್ಸಿ ರೊಸಾರಿಯೋ ಊರಿನವನು ಕಣಪ್ಪ, ಅದು ಮುನ್ನೂರು ಕಿಲೋಮೀಟರ್ ದೂರ. ಮರಡೋನಾ ಬೇಕಾದ್ರೆ ಈ ಊರಿನ ಅಂಚಿನ ಬಡವರ ಬಡಾವಣೆ ಹುಡುಗ.

ಎರಡು ಸಲ ಕಟ್ಟಿದ್ದಂತೂ ನಿಜ. ಮೊದಲನೇದು 1536ರಲ್ಲಿ. ಪೆದ್ರೋ ದೆ ಮೆಂಡೋಜಾ ಅಂತ ಸ್ಪೇನಿನ ದೊಡ್ಡ ಮನೆತನದವನು, ಹತ್ತು ಹನ್ನೆರಡಕ್ಕೂ ಜಾಸ್ತಿ ಹಡಗು, ಸಾವಿರಕ್ಕೂ ಮೇಲೆ ಜನ, ಕುದುರೆ, ಎಲ್ಲ ಕಟ್ಕೊಂಡು ಬಂದ. ಒಳನಾಡಲ್ಲಿ ಎಲ್ಲೋ ಬೆಳ್ಳಿ ಇದೆ ಅನ್ನೋ ಸುದ್ದಿ ನಂಬಿ ಬಂದವರು ಇವರು, ಉತ್ತು ಬಿತ್ತಿ ಉಣ್ಣೋ ಜನ ಅಲ್ಲ. ಅಲ್ಲಿದ್ದ ಕೆರಾಂದಿ ಬುಡಕಟ್ಟಿನವರು ಮೊದಮೊದಲು ಪಾಪ ಅಂತ ಮೀನು ಮಾಂಸ ತಂದುಕೊಟ್ರು, ಆಮೇಲೆ ಕೊಡೋದು ನಿಲ್ಲಿಸಿದ್ರು, ಇವರು ಹೋಗಿ ಜಬರ್ದಸ್ತಿ ಮಾಡಿದ್ರು, ಜಗಳ ಯುದ್ಧಕ್ಕೆ ತಿರುಗಿ ಕೊನೆಗೆ ಅವರೇ ಬಂದು ಇವರ ಮಣ್ಣಿನ ಗೋಡೆ ಸುತ್ತುವರಿದು ಕೂತ್ರು. ಒಳಗೆ ಹಸಿವು. ಉಲ್ರಿಚ್ ಶ್ಮಿಡ್ಲ್ ಅಂತ ಒಬ್ಬ ಜರ್ಮನ್ ಸಿಪಾಯಿ ಆ ತಂಡದಲ್ಲಿದ್ದ, ಅವನು ಬರೆದಿಟ್ಟಿರೋದನ್ನ ಓದಿದ್ರೆ ಊಟ ಸೇರಲ್ಲ: ಇಲಿ, ಹಾವು ಮುಗಿದ ಮೇಲೆ ಚಪ್ಪಲಿ ಚರ್ಮ ತಿಂದ್ರಂತೆ, ಮೂರು ಜನ ಕದ್ದು ಒಂದು ಕುದುರೆ ಕಡಿದು ತಿಂದಿದ್ದಕ್ಕೆ ಅವರನ್ನ ನೇಣಿಗೆ ಹಾಕಿದ್ರಂತೆ, ಅದೇ ರಾತ್ರಿ ಬೇರೆಯವರು ಹೋಗಿ ಆ ನೇತಾಡ್ತಿದ್ದ ಹೆಣಗಳ ತೊಡೆ ಕೊಯ್ಕೊಂಡು ಬಂದು ತಿಂದ್ರಂತೆ. ಮೆಂಡೋಜಾ ಕಾಯಿಲೆ ಬಿದ್ದು ವಾಪಸ್ ಹೊರಟು 1537ರಲ್ಲಿ ಸಮುದ್ರದ ಮೇಲೇ ಸತ್ತ. 1541ಕ್ಕೆ ಉಳಿದವರೆಲ್ಲ ಊರು ಬಿಟ್ಟು ನದಿ ಮೇಲಕ್ಕೆ ಅಸುನ್ಸಿಯೋನ್‌ಗೆ, ಅಂದ್ರೆ ಈಗಿನ ಪರಾಗ್ವೆ ರಾಜಧಾನಿಗೆ ಹೋಗಿ ಸೇರ್ಕೊಂಡ್ರು.

ಎರಡನೇ ಸಲ ಊರು ಕಟ್ಟೋಕೆ ಜನ ಬಂದಿದ್ದು ಅದೇ ಅಸುನ್ಸಿಯೋನ್‌ನಿಂದ. 1580ರ ಜೂನ್ 11, ಹ್ವಾನ್ ದೆ ಗರಾಯ್ ಅರವತ್ತು ಚಿಲ್ಲರೆ ಕುಟುಂಬಕ್ಕೆ ಜಾಗ ಹಂಚಿದ. ಇವರಲ್ಲಿ ಬಹುಪಾಲು ಸ್ಪೇನ್ ಅಪ್ಪ, ಗುವಾರಾನಿ ಬುಡಕಟ್ಟಿನ ಅಮ್ಮನಿಗೆ ಅಲ್ಲೇ ಹುಟ್ಟಿದ ಹುಡುಗರು, ಆ ನೆಲ, ಆ ಹವೆ ಗೊತ್ತಿದ್ದವರು. ಸ್ವಂತ ಹೆಸರಲ್ಲಿ ನಿವೇಶನ ಪಡೆದ ಒಬ್ಬಳೇ ಹೆಂಗಸು ಆನಾ ದಿಯಾಸ್. ಚೌಕ ಚೌಕ ಬೀದಿ, ನಡುವೆ ಒಂದು ಮೈದಾನ. ಆ ಮೈದಾನ ಇವತ್ತಿನ ಪ್ಲಾಜಾ ದೆ ಮಾಯೋ, ಅಧ್ಯಕ್ಷರ ಗುಲಾಬಿ ಬಣ್ಣದ ಕಚೇರಿ ಎದುರಿಗಿರೋದು. ಮೊದಲನೇ ದಂಡಯಾತ್ರೆ ಎಷ್ಟು ಅದ್ದೂರಿ, ಎರಡನೇದು ಎಷ್ಟು ಸಾದಾ ನೋಡಿ, ಉಳ್ಕೊಂಡಿದ್ದು ಸಾದಾ ಊರೇ.

ಪ್ರಶ್ನೆ: ಬ್ಯೂನಸ್ ಐರಿಸ್ ಬಂದರಿನಿಂದ ಬೆಳೆದ ಊರು ಅಂತ ಎಲ್ಲ ಕಡೆ ಬರೀತಾರೆ. ಅಷ್ಟು ಒಳ್ಳೇ ಬಂದರಾ ಅದು?
(ನಿವೃತ್ತ ಬಂದರು ನೌಕರರು, ಮಂಗಳೂರು)

ನಿಮ್ಮಂಥವರು ನೋಡಿದ್ರೆ ನಗ್ತೀರಿ ಸರ್. ಬಂದರು ಅನ್ನೋಕೆ ಅಲ್ಲಿ ಏನೂ ಇರ್ಲಿಲ್ಲ. ರಿಯೋ ದೆ ಲಾ ಪ್ಲಾತಾ ನದಿ ಅಲ್ಲಿ ಐವತ್ತು ಕಿಲೋಮೀಟರ್ ಹತ್ತಿರ ಅಗಲ, ಆಚೆ ದಡ ಕಾಣಲ್ಲ, ಆದ್ರೆ ಆಳ ಇಲ್ಲ, ಬರೀ ಕಂದು ಬಣ್ಣದ ಕೆಸರು ನೀರು. ದೊಡ್ಡ ಹಡಗುಗಳು ಮೈಲಿಗಟ್ಟಲೆ ದೂರದಲ್ಲೇ ಲಂಗರು ಹಾಕ್ಬೇಕು. ಅಲ್ಲಿಂದ ಜನ ಸಾಮಾನು ಸಣ್ಣ ದೋಣಿಗೆ ಇಳೀಬೇಕು. ದೋಣಿನೂ ಒಂದು ಹಂತಕ್ಕೆ ಬಂದು ನೆಲ ತಾಗಿ ನಿಂತುಬಿಡ್ತಿತ್ತು, ಆಗ ಆಳೆತ್ತರದ ಚಕ್ರ ಇರೋ ಕುದುರೆ ಗಾಡಿಗಳು ನೀರೊಳಗೇ ಬಂದು ಜನರನ್ನ ಹತ್ತಿಸ್ಕೊಂಡು ದಡ ಸೇರಿಸ್ತಿದ್ವು. ಯುರೋಪಿನಿಂದ ಸೂಟು ಗೌನು ಹಾಕ್ಕೊಂಡು ಬಂದವರು ಮಂಡಿ ಮಟ್ಟ ಒದ್ದೆ ಆಗಿ ಊರಿಗೆ ಕಾಲಿಡೋದು ಮಾಮೂಲಿ.

ಹಾಗಿದ್ರೆ ಊರು ಬೆಳೆದಿದ್ದು ಹೇಗೆ? ಸುಂಕದಿಂದ. ನನ್ನ ಕೇಳಿದ್ರೆ ಈ ಊರಿನ ಪೂರ್ತಿ ಇತಿಹಾಸನೇ ಸುಂಕದ ಕಟ್ಟೆ ಜಗಳ. ಮೊದಲಿನ ಇನ್ನೂರು ವರ್ಷ ಸ್ಪೇನ್ ಇಲ್ಲಿಂದ ನೇರ ವ್ಯಾಪಾರಕ್ಕೆ ಸರಿಯಾಗಿ ಬಿಡ್ಲೇ ಇಲ್ಲ, ಎಲ್ಲ ಸರಕೂ ಪನಾಮಾ, ಲೀಮಾ ಸುತ್ತಿ ಬರಬೇಕು ಅಂತ ಕಾನೂನು. ಊರಿನವರು ಏನು ಮಾಡ್ತಾರೆ, ಕಳ್ಳಸಾಗಣೆ ಮಾಡಿದ್ರು. ಪೋರ್ಚುಗೀಸರ ಜೊತೆ, ಮುಚ್ಚುಮರೆ ಇಲ್ಲದೆ. ಈಗಿನ ಬೊಲಿವಿಯಾದಲ್ಲಿರೋ ಪೊತೊಸಿ ಗಣಿ ಬೆಳ್ಳಿ ಈ ಕಡೆಯಿಂದ ಸೋರ್ತಿತ್ತು, ಆಫ್ರಿಕಾದ ಗುಲಾಮರು ಇದೇ ದಾರೀಲಿ ಒಳಗೆ ಹೋಗ್ತಿದ್ರು. ಇದನ್ನ ತಡೆಯೋಕಾಗಲ್ಲ ಅಂತ ಗೊತ್ತಾದ ಮೇಲೆ 1776ರಲ್ಲಿ ಸ್ಪೇನ್ ದೊರೆ ಇದನ್ನೇ ಒಂದು ಹೊಸ ವೈಸ್‌ರಾಯ್ ಪ್ರಾಂತ್ಯದ ರಾಜಧಾನಿ ಮಾಡಿ ಪೊತೊಸಿಯನ್ನೂ ಇದರ ಕೈಗೇ ಕೊಟ್ಟ, ಎರಡು ವರ್ಷ ಬಿಟ್ಟು ವ್ಯಾಪಾರನೂ ತೆರೆದ. ಅಲ್ಲಿಂದ ಊರಿನ ದೆಸೆ ತಿರುಗ್ತು.

ನಿಜವಾದ ಬಂದರು ಬಂದಿದ್ದು ಇನ್ನೂ ನೂರು ವರ್ಷ ತಡವಾಗಿ. ಆವಾಗ್ಲೂ ಎಡವಟ್ಟು. ಲೂಯಿಸ್ ಹುವೆರ್ಗೋ ಅನ್ನೋ ಇಂಜಿನಿಯರ್ ಒಂದು ಪ್ಲಾನ್ ಕೊಟ್ರೆ, ಎದುವಾರ್ದೋ ಮದೇರೋ ಅನ್ನೋ ವ್ಯಾಪಾರಿ ಇನ್ನೊಂದು ಕೊಟ್ಟ. ಮದೇರೋಗೆ ಮೇಲಿನವರ ಪರಿಚಯ ಚೆನ್ನಾಗಿತ್ತು, ಲಂಡನ್ ಸಾಲದ ಸಂಪರ್ಕನೂ ಇತ್ತು, ಅವನ ಪ್ಲಾನೇ ಪಾಸಾಯ್ತು. 1897ಕ್ಕೆ ಕೆಲಸ ಮುಗೀತು, ಹತ್ತೇ ವರ್ಷಕ್ಕೆ ಹಡಗುಗಳು ದೊಡ್ಡದಾಗಿ ಅದು ಸಾಲದೇ ಹೋಯ್ತು. ಆಮೇಲೆ ಕಟ್ಟಿದ ಹೊಸ ಬಂದರು ಹೆಚ್ಚುಕಮ್ಮಿ ಹುವೆರ್ಗೋ ಮೊದಲೇ ಹೇಳಿದ್ದ ಮಾದರಿದು! ಹಳೇ ಕೆಂಪು ಇಟ್ಟಿಗೆ ಗೋದಾಮುಗಳು ದಶಕಗಟ್ಟಲೆ ಪಾಳು ಬಿದ್ದಿದ್ವು, 1989ರಿಂದ ರಿಪೇರಿ ಶುರುವಾಗಿ ಈಗ ಅಲ್ಲೇ ಊರಿನ ದುಬಾರಿ ಫ್ಲಾಟು, ಹೋಟೆಲ್ಲು. ಬಡಾವಣೆ ಹೆಸರು ಮಾತ್ರ ಪುವೆರ್ತೋ ಮದೇರೋ. ತಪ್ಪು ಪ್ಲಾನ್ ಕೊಟ್ಟವನ ಹೆಸರೇ ಉಳೀತು ನೋಡಿ.

ಪ್ರಶ್ನೆ: ಇಂಗ್ಲಿಷರು ಬ್ಯೂನಸ್ ಐರಿಸ್ ಮೇಲೂ ದಂಡೆತ್ತಿ ಹೋಗಿದ್ರಂತೆ, ಹೌದಾ?
(ಪ್ರೌಢಶಾಲೆ ಮೇಷ್ಟ್ರು, ಶ್ರೀರಂಗಪಟ್ಟಣ)

ಹೌದು ಮೇಷ್ಟ್ರೇ, ನಿಮ್ಮ ಊರಿಗೂ ಇದಕ್ಕೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆದು ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಅದಕ್ಕೂ ಮೊದಲು ಅಲ್ಲೇ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತಿದ್ದವನು, ಗೊತ್ತಲ್ಲ? ಅದೇ ಬೇರ್ಡ್ 1806ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಗೆದ್ದು ಕೂತಿದ್ದ. ಹೋಮ್ ಪೋಪಮ್ ಅನ್ನೋ ನೌಕಾ ಅಧಿಕಾರಿ ಲಂಡನ್ನಿನ ಅಪ್ಪಣೆ ಇಲ್ಲದೇನೇ ಅವನ ತಲೆ ತಿಂದು 71ನೇ ರೆಜಿಮೆಂಟನ್ನ ಎರವಲು ತಗೊಂಡು ಅಟ್ಲಾಂಟಿಕ್ ದಾಟಿದ. ಇದೇ ರೆಜಿಮೆಂಟು ಮೈಸೂರು ಯುದ್ಧಗಳಲ್ಲಿ ಹೈದರ್, ಟಿಪ್ಪು ವಿರುದ್ಧ ಕಾದಾಡಿದ್ದು. ಬೆರೆಸ್‌ಫರ್ಡ್ ನೇತೃತ್ವದಲ್ಲಿ ಸಾವಿರದ ಆರುನೂರು ಚಿಲ್ಲರೆ ಜನ ಜೂನ್ 27ಕ್ಕೆ ಊರು ಹಿಡಿದ್ರು, ವೈಸ್‌ರಾಯ್ ಒಳನಾಡಿನ ಕಾರ್ಡೊಬಾ ಊರಿನ ಕಡೆ ಪರಾರಿ. ಸಿಕ್ಕ ಬೆಳ್ಳಿಯನ್ನ ಲಂಡನ್ ಬೀದೀಲಿ ಮೆರವಣಿಗೆ ಮಾಡಿದ್ರು, ಆದ್ರೆ ಆ ಮೆರವಣಿಗೆ ಹೊತ್ತಿಗೆ ಊರು ಆಗಲೇ ಕೈ ತಪ್ಪಿತ್ತು, ಆಗಸ್ಟ್ 12ಕ್ಕೇ ಬೆರೆಸ್‌ಫರ್ಡ್ ಶರಣಾಗಿದ್ದ. ಮರುವರ್ಷ ಇನ್ನೂ ದೊಡ್ಡ ಸೈನ್ಯ ಬಂತು, ಊರಿನವರು ಮನೆ ತಾರಸಿಗಳ ಮೇಲಿಂದ ಗುಂಡು, ಕಲ್ಲು, ಕುದಿಯೋ ನೀರು ಸುರಿದು ಓಡಿಸಿದ್ರು. 71ನೇ ರೆಜಿಮೆಂಟಿನಿಂದ ಕಿತ್ಕೊಂಡ ಧ್ವಜಗಳು ಇವತ್ತಿಗೂ ಅಲ್ಲಿನ ಸಾಂತೋ ದೊಮಿಂಗೋ ಚರ್ಚಿನಲ್ಲಿವೆ. ರಾಜನ ಸೈನ್ಯ ಇಲ್ಲದೆ ನಾವೇ ಊರು ಉಳಿಸ್ಕೊಂಡ್ವಿ ಅಂದಮೇಲೆ ರಾಜ ಯಾಕೆ ಬೇಕು ಅನ್ನೋದು ಸ್ಪೇನಿನ ವೈಸ್‌ರಾಯ್‌ನ ಇಳಿಸಿದ 1810ರ ಮೇ ತಿಂಗಳ ಕ್ರಾಂತಿಗೆ ದಾರಿ ಆಯ್ತು.

ಪ್ರಶ್ನೆ: ಬ್ಯೂನಸ್ ಐರಿಸ್ ಪ್ರಾಂತ್ಯದ ರಾಜಧಾನಿ ಬ್ಯೂನಸ್ ಐರಿಸ್ ಅಲ್ವಂತೆ, ಲಾ ಪ್ಲಾತಾ ಅಂತೆ. ಕ್ವಿಜ್‌ನಲ್ಲಿ ಕೇಳಿದ್ರು, ತಲೆಕೆಟ್ಟೋಯ್ತು.
(ಓದುಗಿ, ಧಾರವಾಡ)

ಇದೂ ಸುಂಕದ ಜಗಳನೇ ಅಕ್ಕಾ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಆದಾಯದ ದೊಡ್ಡ ಪಾಲು ಬರ್ತಿದ್ದಿದ್ದು ಈ ಊರಿನ ಕಸ್ಟಮ್ಸ್‌ನಿಂದ, ಅದನ್ನ ಬ್ಯೂನಸ್ ಐರಿಸ್ ಪ್ರಾಂತ್ಯ ತನ್ನ ಜೇಬಿಗೇ ಹಾಕ್ಕೊಳ್ತಿತ್ತು. ಒಳನಾಡಿನವರಿಗೆ ಹೊಟ್ಟೆ ಉರಿ. 1853ರಲ್ಲಿ ಸಂವಿಧಾನ ಬಂದಾಗ ಬ್ಯೂನಸ್ ಐರಿಸ್ ಅದಕ್ಕೆ ಒಪ್ಪದೆ ಕೆಲವು ವರ್ಷ ಬೇರೇನೇ ಇತ್ತು, ಮಿಕ್ಕವರು ಪರಾನಾ ಅನ್ನೋ ಊರನ್ನ ರಾಜಧಾನಿ ಮಾಡ್ಕೊಂಡಿದ್ರು. ಕೊನೆಗೆ 1880ರಲ್ಲಿ ಊರಿನ ಅಂಚಲ್ಲೇ ಕಾಳಗ ನಡೆದು ಸಾವಿರಾರು ಜನ ಸತ್ರು, ಪ್ರಾಂತ್ಯ ಸೋತು, ಊರನ್ನ ಕಿತ್ತು ಕೇಂದ್ರದ ಕೈಗೆ ಕೊಟ್ರು. ಊರು ಕಳ್ಕೊಂಡ ಪ್ರಾಂತ್ಯಕ್ಕೆ ಹೊಸ ರಾಜಧಾನಿ ಬೇಕಲ್ಲ, 1882ರಲ್ಲಿ ಖಾಲಿ ಬಯಲಲ್ಲಿ ಲಾ ಪ್ಲಾತಾ ಕಟ್ಟಿದ್ರು. ಅಷ್ಟೇ.

ಪ್ರಶ್ನೆ: 1871ರ ಹಳದಿ ಜ್ವರ ಆ ಊರಿನ ನಕ್ಷೆನೇ ಬದಲಾಯಿಸ್ತು ಅಂತಾರೆ. ಸ್ವಲ್ಪ ವಿವರಿಸಿ.
(ವೈದ್ಯಕೀಯ ವಿದ್ಯಾರ್ಥಿನಿ, ಹುಬ್ಬಳ್ಳಿ)

ಆಗ ಊರಿನ ಜನಸಂಖ್ಯೆ ಒಂದೂಮುಕ್ಕಾಲು ಎರಡು ಲಕ್ಷದ ಆಸುಪಾಸು. ಜನವರಿ ಕೊನೇಲಿ ದಕ್ಷಿಣದ ಸಾನ್ ತೆಲ್ಮೋದಲ್ಲಿ ಮೊದಲ ಕೇಸು. ಏಪ್ರಿಲ್ ಹೊತ್ತಿಗೆ ಒಂದೇ ದಿನಕ್ಕೆ 500 ದಾಟಿ ಸಾವು, ಒಟ್ಟು ಲೆಕ್ಕ ಹದಿಮೂರು ಸಾವಿರದ ಮೇಲೆ. ಸ್ಮಶಾನ ಸಾಲದೆ ಚಕಾರಿತಾದಲ್ಲಿ ಹೊಸದು ತೆಗೆದ್ರು, ಅಲ್ಲಿಗೆ ಹೆಣ ಸಾಗಿಸೋಕೇ ಒಂದು ರೈಲು ಹಾಕಿದ್ರು. ಅದನ್ನ ಎಳೆದಿದ್ದು ಲಾ ಪೋರ್ತೆನ್ಯಾ, 1857ರಲ್ಲಿ ದೇಶದ ಮೊದಲನೇ ರೈಲನ್ನ ಸಂಭ್ರಮದಿಂದ ಎಳೆದಿದ್ದ ಅದೇ ಎಂಜಿನ್ನು. ಸೊಳ್ಳೆಯಿಂದ ಹರಡುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಕ್ಯೂಬಾದ ಕಾರ್ಲೋಸ್ ಫಿನ್ಲೇ ಅದನ್ನ ಹೇಳಿದ್ದು 1881ರಲ್ಲಿ, ಸಾಬೀತಾಗಿದ್ದು 1900ರಲ್ಲಿ. ಇವರು ಕೆಟ್ಟ ಗಾಳಿ ಅಂದ್ಕೊಂಡು ವಲಸೆ ಬಂದ ಬಡ ಇಟಲಿಯವರನ್ನ ಬೈಕೊಂಡು ಮನೆಗಳಿಂದ ಆಚೆ ಹಾಕಿದ್ರು.

ಕಾಸಿದ್ದವರು ದಕ್ಷಿಣ ಬಿಟ್ಟು ಉತ್ತರಕ್ಕೆ, ರೆಕೊಲೇತಾ ಕಡೆ ಹೋದ್ರು. ಆ ಉತ್ತರ ದಕ್ಷಿಣ ಅಂತರ ಇವತ್ತಿಗೂ ಇದೆ. ಅವರು ಬಿಟ್ಟು ಹೋದ ದೊಡ್ಡ ಮನೆಗಳನ್ನ ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟು ವಠಾರ ಮಾಡಿದ್ರು. ಒಂದು ಕೋಣೇಲಿ ಒಂದು ಸಂಸಾರ, ಅಂಗಳದಲ್ಲಿ ಬಟ್ಟೆ ಒಗೆಯೋದು, ಕಕ್ಕಸಿಗೆ ಕ್ಯೂ. 1914ರ ಜನಗಣತಿ ಹೊತ್ತಿಗೆ ಊರು ಹದಿನೈದು ಲಕ್ಷ ದಾಟಿ, ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರೇ ಆಗಿದ್ರು. 1907ರಲ್ಲಿ ಬಾಡಿಗೆ ಏರಿಸಿದಾಗ ಈ ವಠಾರದ ಹೆಂಗಸರು ಮಕ್ಕಳು ಪೊರಕೆ ಹಿಡ್ಕೊಂಡು ಬೀದಿಗಿಳಿದು, ಮಾಲೀಕರನ್ನ ಗುಡಿಸಿ ಹಾಕ್ತೀವಿ ಅಂತ ಮೆರವಣಿಗೆ ಮಾಡಿದ್ರು, ಸಾವಿರಾರು ಕುಟುಂಬ ಬಾಡಿಗೆ ಕೊಡೋದೇ ನಿಲ್ಲಿಸ್ತು.

ಜ್ವರದ ಇನ್ನೊಂದು ಫಲ ಕೊಳಾಯಿ ನೀರು. 1894ರಲ್ಲಿ ಮುಗಿದ ನೀರಿನ ಅರಮನೆ ಅಂತ ಒಂದು ಕಟ್ಟಡ ಇದೆ, ಫೋಟೋ ಹುಡುಕಿ ನೋಡಿ. ಹೊರಗಡೆ ಮೂರು ಲಕ್ಷದಷ್ಟು ಬಣ್ಣದ ಮೆರುಗು ಬಿಲ್ಲೆ, ಇಂಗ್ಲೆಂಡಿಂದ ಒಂದೊಂದಕ್ಕೂ ನಂಬರ್ ಹಾಕಿ ತರಿಸಿ ಅಂಟಿಸಿದ್ದು, ಕಿಟಕಿ, ಶಿಲ್ಪ, ಗೋಪುರ ಎಲ್ಲ ಇದೆ. ಒಳಗೆ? ಹನ್ನೆರಡು ಕಬ್ಬಿಣದ ಟ್ಯಾಂಕ್, ಒಟ್ಟು 7.2 ಕೋಟಿ ಲೀಟರ್. ವಾಟರ್ ಟ್ಯಾಂಕಿಗೆ ಈ ಶೋಕಿ ಯಾಕೆ ಅಂದ್ರೆ, ಸಾವಿನ ಊರು ಅನ್ನೋ ಹೆಸರು ಅಳಿಸ್ಬೇಕಿತ್ತು, ಯುರೋಪಿನ ಬಂಡವಾಳದವರಿಗೆ ನಾವೂ ಏನು ಕಮ್ಮಿ ಇಲ್ಲ ಅಂತ ತೋರಿಸ್ಬೇಕಿತ್ತು. ಈಗ ಟ್ಯಾಂಕುಗಳಲ್ಲಿ ನೀರಿಲ್ಲ, ಮ್ಯೂಸಿಯಂ ಇದೆ, ಹಳೇ ಕಾಲದ ಕಮೋಡುಗಳ ಸಂಗ್ರಹ ಅದರ ಹೈಲೈಟು.

ಪ್ರಶ್ನೆ: ದಕ್ಷಿಣ ಅಮೆರಿಕದ ಪ್ಯಾರಿಸ್ ಅಂತ ಕರೀತಾರಲ್ಲ, ಹಳೇ ಊರು ಏನಾಯ್ತು?
(ಆರ್ಕಿಟೆಕ್ಟ್, ಬೆಂಗಳೂರು)

ಕೆಡವಿದ್ರು. ಸ್ಪೇನ್ ಕಾಲದ ಪುರಸಭೆ ಕಟ್ಟಡ ಕಬಿಲ್ದೋ ಒಂದನ್ನ ನೋಡಿದ್ರೆ ಸಾಕು. ಹನ್ನೊಂದು ಕಮಾನಿತ್ತು. ಅವೆನಿದಾ ದೆ ಮಾಯೋ ರಸ್ತೆಗೆ ಅಂತ 1889ರಲ್ಲಿ ಒಂದು ಕಡೆ ಮೂರು ಒಡೆದ್ರು, 1931ರಲ್ಲಿ ಇನ್ನೊಂದು ರಸ್ತೆಗೆ ಆ ಕಡೆ ಮೂರು. ಈಗ ಐದಿದೆ, ಗೋಪುರನೂ 1940ರಲ್ಲಿ ಮತ್ತೆ ಕಟ್ಟಿದ್ದು. 140 ಮೀಟರ್ ಅಗಲದ 9 ದೆ ಹೂಲಿಯೋ (ಅಂದ್ರೆ ಜುಲೈ 9) ರಸ್ತೆಗೆ ಸಾಲು ಸಾಲು ಬ್ಲಾಕುಗಳೇ ಹೋದ್ವು, ಫ್ರೆಂಚ್ ರಾಯಭಾರ ಕಚೇರಿಯವರು ಮಾತ್ರ ಜಾಗ ಬಿಡಲ್ಲ ಅಂತ ಕೂತ್ರು, ಬಿಡ್ಲೂ ಇಲ್ಲ. ಅದೇ ರಸ್ತೆ ಮಧ್ಯದ ಒಬೆಲಿಸ್ಕ್ ಅನ್ನೋ ಚೂಪು ತುದಿಯ ಎತ್ತರದ ಸ್ತಂಭ 1936ರಲ್ಲಿ ಬರೀ 31 ದಿನದಲ್ಲಿ ಎದ್ದಿದ್ದು, ಮೂರು ವರ್ಷಕ್ಕೆ ಕೆಡವಿ ಅಂತ ಕೌನ್ಸಿಲ್ ಠರಾವು ಮಾಡ್ತು, ಮೇಯರ್ ತಡೆದ್ರು.

ಪ್ರಶ್ನೆ: ಅಲ್ಲಿ ಮೆಟ್ರೋ ಎಡಗಡೆ ಓಡುತ್ತಂತೆ, ಕಾರು ಬಲಗಡೆ. ಯಾಕೆ?
(ಓದುಗರು, ತುಮಕೂರು)

ಮೆಟ್ರೋ ಶುರುವಾಗಿದ್ದು 1913ರಲ್ಲಿ, ಆಗ ದೇಶದಲ್ಲಿ ಎಡಗಡೆ ಓಡಾಟ. 1945ರಲ್ಲಿ ರಸ್ತೆ ಬಲಕ್ಕೆ ಬಂತು, ಸುರಂಗ ಹಾಗೇ ಉಳೀತು. ಮೊದಲ ಲೈನಿನ ಬೆಲ್ಜಿಯಂ ಮರದ ಬೋಗಿಗಳು 2013ರ ತನಕ ಓಡಿದ್ವು, ನೂರು ವರ್ಷ!

ಪ್ರಶ್ನೆ: ಬೇರೆ ದೇಶಗಳು ರಾಜಧಾನಿ ಬದಲಾಯಿಸ್ತಿವೆ. ಇವರು ಯೋಚನೆ ಮಾಡಿಲ್ವಾ?
(ಓದುಗರು, ಕಲಬುರಗಿ)

ಮಾಡಿದ್ರು. ಅಧ್ಯಕ್ಷ ಅಲ್ಫೋನ್ಸಿನ್ 1986ರಲ್ಲಿ ದಕ್ಷಿಣದ ವಿಯೆದ್ಮಾಗೆ ರಾಜಧಾನಿ ಒಯ್ತೀವಿ ಅಂದ್ರು, ಮರುವರ್ಷ ಕಾನೂನೂ ಪಾಸಾಯ್ತು. ಅಷ್ಟರಲ್ಲಿ ಹಣದುಬ್ಬರ ಕೈಮೀರಿ ಹೋಗಿ ಯೋಜನೆ ಕಡತದಲ್ಲೇ ಉಳೀತು. ಊರಿನ ಒಳಗಿನ ಜನಸಂಖ್ಯೆ ಮಾತ್ರ ವಿಚಿತ್ರ, 1947ರಲ್ಲೂ ಮೂವತ್ತು ಲಕ್ಷದ ಹತ್ತಿರ, 2022ರಲ್ಲೂ ಮೂವತ್ತೊಂದು ಲಕ್ಷ. ಬೆಳೆದಿದ್ದೆಲ್ಲ 1880ರಲ್ಲಿ ಗೆರೆ ಎಳೆದ ಪ್ರಾಂತ್ಯದ ಕಡೆ, ಎರಡೂ ಸೇರಿದ್ರೆ ಒಂದೂವರೆ ಕೋಟಿ ಹತ್ತಿರ ಹೋಗುತ್ತೆ. ಆ ಕಡೆ ಮಲಗಿ ಈ ಕಡೆ ದುಡಿಯೋ ಲಕ್ಷಾಂತರ ಜನರ ಬಸ್ಸು, ಆಸ್ಪತ್ರೆ ಖರ್ಚು ಯಾರು ಕೊಡಬೇಕು ಅಂತ ಪ್ರಾಂತ್ಯ, ಊರು, ಕೇಂದ್ರ ಮೂರೂ ಈಗಲೂ ಕಿತ್ತಾಡ್ತಾನೇ ಇವೆ.