ಕರೆದವರು ಯಾರು, ಯಾವ ಬಾಗಿಲಿನಿಂದ ಕರೆದರು?

ಪ್ರಶ್ನೆ: ನಾವು ಮೈಸೂರಿನವರು, ಮಿನಿಯಾಪೊಲಿಸ್ ಪಕ್ಕದ ಊರೊಂದರಲ್ಲಿ ನೆಲೆಸಿದ್ದೇವೆ. ಎಂಟನೇ ತರಗತಿಯಲ್ಲಿರುವ ಮಗ ಚಿಕ್ಕಂದಿನಿಂದಲೂ ಊರಿನ ಸಂಘದಲ್ಲಿ ಐಸ್ ಹಾಕಿ ಆಡುತ್ತಾ ಬಂದು ಈಗ ಹದಿನಾಲ್ಕರ ಆಸುಪಾಸಿನ ಹುಡುಗರ ಬ್ಯಾಂಟಮ್ ತಂಡದಲ್ಲಿದ್ದಾನೆ. ಖಾಸಗಿ ಶಾಲೆಯೊಂದರ ಹಳೆಯ ವಿದ್ಯಾರ್ಥಿಯೊಬ್ಬರು ಪಂದ್ಯ ಮುಗಿದಾಗಲೆಲ್ಲ ನಮ್ಮನ್ನು ಮಾತನಾಡಿಸಿ, “ಒಂಬತ್ತನೇ ತರಗತಿಗೆ ನಮ್ಮ ಶಾಲೆಗೆ ಕಳಿಸಿ, ಫೀಸಿನ ಚಿಂತೆ ಬೇಡ” ಎನ್ನುತ್ತಿದ್ದಾರೆ. ಇದು ಕೈಬಿಡಬಾರದ ಅವಕಾಶವೆಂದು ನನ್ನ ಪತಿಯ ವಾದ. ಮಗನಿಗೆ ಗೆಳೆಯರನ್ನು ಬಿಡಲು ಮನಸ್ಸಿಲ್ಲವೆಂದು ನನಗೆ ಗೊತ್ತು, ಆದರೆ ಅಪ್ಪನ ಮುಂದೆ ಬಾಯಿ ಬಿಡುವುದಿಲ್ಲ. ಸುದ್ದಿ ಹೇಗೋ ಹರಡಿ, ಸರದಿಯ ಮೇಲೆ ಮಕ್ಕಳನ್ನು ಕಾರಿನಲ್ಲಿ ರಿಂಕಿಗೆ ಬಿಡುತ್ತಿದ್ದ ನನ್ನ ಗೆಳತಿ ಮಾತು ಕಡಿಮೆ ಮಾಡಿದ್ದಾಳೆ. ನಾವು ಊರಿಗೆ ದ್ರೋಹ ಮಾಡುತ್ತಿದ್ದೇವೆಯೇ?

ಉತ್ತರ: ಪ್ರಿಯ ಸಹೋದರಿ,

ದ್ರೋಹವೆಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. ನಿಮ್ಮ ಗೆಳತಿಯ ಬೇಸರಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ನೀವಿರುವ ಮಿನ್ನೆಸೋಟ ರಾಜ್ಯದಲ್ಲಿ ಮಕ್ಕಳು ತಾವು ವಾಸಿಸುವ ಊರಿನ ಸಂಘಕ್ಕೇ ಆಡುತ್ತಾ ಸ್ಕ್ವರ್ಟ್, ಪೀವೀ, ಬ್ಯಾಂಟಮ್ ಎಂದು ಒಂದೊಂದೇ ಹಂತ ದಾಟಿ, ಕೊನೆಗೆ ಅದೇ ಊರಿನ ಹೈಸ್ಕೂಲಿನ (ಒಂಬತ್ತರಿಂದ ಹನ್ನೆರಡನೇ ತರಗತಿ) ಅಂಗಿ ತೊಡುವುದು ವಾಡಿಕೆಯಾದ್ದರಿಂದ, ಬ್ಯಾಂಟಮ್ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಹೊರಟು ನಿಂತರೆ ಊರವರೆಲ್ಲ ಸೇರಿ ಕಟ್ಟಿದ ತಂಡದಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆದರೆ ಆಟಗಾರರನ್ನು ಸೆಳೆಯುವವರು ಖಾಸಗಿ ಶಾಲೆಯವರು ಮಾತ್ರ ಎಂಬುದು ಅರ್ಧ ಸತ್ಯ. ಅಲ್ಲಿನ ಓಪನ್ ಎನ್‌ರೋಲ್‌ಮೆಂಟ್ ಕಾನೂನು ಒಂದು ಶಾಲಾ ಜಿಲ್ಲೆಯ ವಿದ್ಯಾರ್ಥಿ ಇನ್ನೊಂದು ಶಾಲಾ ಜಿಲ್ಲೆಯ ಸಾರ್ವಜನಿಕ ಶಾಲೆಗೆ ಸೇರಲು ದಾರಿ ಮಾಡಿಕೊಟ್ಟಿದೆ. ಹಾಕಿಗೆ ಹೆಸರಾದ ಊರಿನಲ್ಲಿ ಬೇಕೆಂದೇ ಮನೆ ಮಾಡುವ ಕುಟುಂಬಗಳೂ ಇವೆ. ಹಾಗೆ ಬಂದವರನ್ನು ಸ್ವಾಗತಿಸುವ ಊರು ಹೊರಟವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಈ ಜಗಳ ನಿಮ್ಮಿಂದ ಶುರುವಾದದ್ದೂ ಅಲ್ಲ. 2011, 2012 ಮತ್ತು 2013ರಲ್ಲಿ ಸತತವಾಗಿ, ಚಿಕ್ಕ ಶಾಲೆಗಳು ಆಡುವ ಎ ವರ್ಗದ ರಾಜ್ಯ ಫೈನಲ್‌ನಲ್ಲಿ ಸೇಂಟ್ ಥಾಮಸ್ ಅಕಾಡೆಮಿ ಎಂಬ ಖಾಸಗಿ ಶಾಲೆ ಹರ್ಮನ್‌ಟೌನ್ ಎಂಬ ಊರಿನ ಸಾರ್ವಜನಿಕ ಶಾಲೆಯನ್ನು ಸೋಲಿಸಿದಾಗ, ಮಿನಿಯಾಪೊಲಿಸ್-ಸೇಂಟ್ ಪಾಲ್ ಮಹಾನಗರ ಪ್ರದೇಶದ ಎಲ್ಲ ಕಡೆಯಿಂದ ಹುಡುಗರನ್ನು ಸೇರಿಸಿಕೊಳ್ಳಬಲ್ಲ ಶಾಲೆ ಒಂದು ಊರಿನ ಹುಡುಗರ ಎದುರು ಆಡುವುದು ಸರಿಯೇ ಎಂದು ಬಹಿರಂಗವಾಗಿಯೇ ವಾಗ್ವಾದ ನಡೆದಿತ್ತು. ಆ ಶಾಲೆ ಮುಂದಿನ ಋತುವಿನಿಂದ ಮೇಲಿನ ಡಬಲ್ ಎ ವರ್ಗಕ್ಕೆ ಹೋಯಿತು. ವಾಗ್ವಾದ ಮಾತ್ರ ನಿಂತಿಲ್ಲ. ಅದನ್ನು ಬಗೆಹರಿಸುವ ಹೊಣೆ ಹದಿನಾಲ್ಕು ವರ್ಷದ ಹುಡುಗನ ತಾಯಿಯದಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯದೇ ಮಾತು: “ಫೀಸಿನ ಚಿಂತೆ ಬೇಡ.” ರಾಜ್ಯದ ಶಾಲಾ ಕ್ರೀಡೆಗಳನ್ನು ನಿಯಂತ್ರಿಸುವ ಮಿನ್ನೆಸೋಟ ಸ್ಟೇಟ್ ಹೈಸ್ಕೂಲ್ ಲೀಗ್‌ನ ನಿಯಮಗಳ ಪ್ರಕಾರ ಆಟದ ಕಾರಣಕ್ಕಾಗಿ ವಿದ್ಯಾರ್ಥಿಯನ್ನು ಸೆಳೆಯುವುದೂ ತಪ್ಪು, ಆಟ ನೋಡಿ ಶುಲ್ಕ ಕಡಿಮೆ ಮಾಡುವುದೂ ತಪ್ಪು, ಕುಟುಂಬದ ಆದಾಯ ಮತ್ತು ಅಗತ್ಯ ನೋಡಿ ಕೊಡುವ ನೆರವು ಮಾತ್ರ ಸಮ್ಮತ. ಹಾಗಿರುವಾಗ ನಿಮ್ಮ ಮನೆಯ ಆದಾಯದ ಒಂದು ಕಾಗದವನ್ನೂ ನೋಡದ ವ್ಯಕ್ತಿ ಯಾವ ಆಧಾರದ ಮೇಲೆ ಈ ಭರವಸೆ ಕೊಟ್ಟರು? ಅವರು ಶಾಲೆಯ ನೌಕರರೂ ಅಲ್ಲ. ಮದುವೆ ದಲ್ಲಾಳಿ ಹುಡುಗನ ಮನೆಯವರ ಪರವಾಗಿ ಕೊಟ್ಟ ಮಾತಿಗೆ ನಾಳೆ ಆ ಮನೆಯವರು “ನಾವೇನೂ ಹೇಳಿರಲಿಲ್ಲವಲ್ಲ” ಎಂದುಬಿಡಬಹುದು ಎಂಬುದು ನಮ್ಮವರಿಗೆ ಹೊಸದಲ್ಲ. ಇಲ್ಲಿ ನಿಯಮ ಮುರಿದಂತಾದರೆ ವಿಚಾರಣೆಗೆ ಒಳಗಾಗುವುದು ಶಾಲೆಯಾದರೂ, ಆಡದೆ ಬೆಂಚಿನ ಹಿಂದೆ ಕೂರಬೇಕಾದವನು ನಿಮ್ಮ ಮಗ.

ಆದ್ದರಿಂದ ಆ ಮಹನೀಯರೊಂದಿಗೆ ರಿಂಕಿನ ಪಕ್ಕದ ಮಾತುಕತೆಯನ್ನು ವಿನಯದಿಂದಲೇ ನಿಲ್ಲಿಸಿ. ಆ ಶಾಲೆಯ ಮೇಲೆ ನಿಜವಾಗಿ ಮನಸ್ಸಿದ್ದರೆ, ಹಾಕಿ ಆಡದ ಮಗುವಿನ ಪೋಷಕರು ಹೋಗುವ ಬಾಗಿಲಿನಿಂದಲೇ ಹೋಗಿ: ಪ್ರವೇಶ ವಿಭಾಗಕ್ಕೆ ಅರ್ಜಿ ಹಾಕಿ, ನೆರವಿನ ಅರ್ಜಿಯನ್ನು ಬೇರೆಯಾಗಿ ಕೊಟ್ಟು, ಎಷ್ಟು ಸಿಗುತ್ತದೆ, ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬರವಣಿಗೆಯಲ್ಲಿ ಬರದ ನೆರವನ್ನು ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ನಿಮ್ಮ ಪತಿಯ ಉತ್ಸಾಹವನ್ನು ಬರೀ ದುರಾಸೆ ಎಂದು ನೋಡಬೇಡಿ. ವಿಷಯವೇ ಗೊತ್ತಿಲ್ಲದ ಆಟವೊಂದರ ಬಳಿ, ಮೈನಸ್ ಇಪ್ಪತ್ತರ ಚಳಿಯಲ್ಲಿ, ಎಲ್ಲರೂ ಒಬ್ಬರನ್ನೊಬ್ಬರು ಬಾಲ್ಯದಿಂದ ಬಲ್ಲ ತಂದೆಯರ ನಡುವೆ ಒಂಟಿಯಾಗಿ ನಿಂತು ವರ್ಷಗಳನ್ನು ಕಳೆದ ಮನುಷ್ಯನಿಗೆ, “ನಿಮ್ಮ ಹುಡುಗ ನಮಗೆ ಬೇಕು” ಎಂಬ ಮಾತು ಮಗನಿಗಿಂತ ತನಗೇ ಸಿಕ್ಕ ಮನ್ನಣೆಯಂತೆ ಕೇಳಿಸಿರಬಹುದು. ಆ ಸಂತೋಷ ಅವರಿಗೆ ಸಲ್ಲಬೇಕಾದದ್ದೇ. ಅದರ ಬೆಲೆಯನ್ನು ಮಗ ನಾಲ್ಕು ವರ್ಷ ತೆರಬೇಕೇ ಎಂಬುದಷ್ಟೇ ಪ್ರಶ್ನೆ. ಇದನ್ನು ಮಗನಿಲ್ಲದ ಹೊತ್ತಿನಲ್ಲಿ ನೀವೇ ಅವರೊಂದಿಗೆ ಮಾತನಾಡಬೇಕು.

ಆಟದ ಲೆಕ್ಕವೂ ಅವರು ತಿಳಿದಷ್ಟು ಸರಳವಲ್ಲ. 2013ರಿಂದ 2025ರವರೆಗಿನ ಹದಿಮೂರು ರಾಜ್ಯ ಪಂದ್ಯಾವಳಿಗಳಲ್ಲಿ ಡಬಲ್ ಎ ವರ್ಗದ ಬಾಲಕರ ಪ್ರಶಸ್ತಿ ಖಾಸಗಿ ಶಾಲೆಗೆ ಹೋದದ್ದು ಒಮ್ಮೆ ಮಾತ್ರ, 2020ರಲ್ಲಿ ಹಿಲ್-ಮರ್ರಿಗೆ. ಉಳಿದೆಲ್ಲವನ್ನೂ ಈಡೈನಾ, ಮಿನ್ನೆಟೊಂಕ, ಮೂರ್‌ಹೆಡ್‌ನಂತಹ ಸಾರ್ವಜನಿಕ ಶಾಲೆಗಳು ಗೆದ್ದಿವೆ. ಇನ್ನು ಕಾಲೇಜು ವಿದ್ಯಾರ್ಥಿವೇತನದ ಆಸೆ: ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ ಒನ್ ತಂಡಗಳಿಗೆ ಹೋಗುವ ಹುಡುಗರಲ್ಲಿ ಹೆಚ್ಚಿನವರು ಹೈಸ್ಕೂಲ್ ಮುಗಿಸಿ ಜೂನಿಯರ್ ಲೀಗ್‌ಗಳಲ್ಲಿ ಆಡಿ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಕಾಲೇಜು ಸೇರುತ್ತಾರೆ, ಮತ್ತು 2025ರ ಆಗಸ್ಟ್‌ನಿಂದ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೂ ಅಮೆರಿಕದ ಕಾಲೇಜು ತಂಡಗಳ ಬಾಗಿಲು ತೆರೆದಿರುವುದರಿಂದ ಪೈಪೋಟಿ ಇನ್ನೂ ಬಿಗಿಯಾಗಿದೆ. ಹೈಸ್ಕೂಲಿನ ಫೀಸನ್ನು ಕಾಲೇಜಿನ ಬಂಡವಾಳವೆಂದು ಎಣಿಸುವುದು ಸರಿಯಾದ ಲೆಕ್ಕವಲ್ಲ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆಯೊಂದಿದೆ, ಅದನ್ನು ಆ ಶಾಲೆಯ ಕೋಚ್‌ಗೆ ನೇರವಾಗಿ ಕೇಳಿ: ಕಳೆದ ಕೆಲವು ವರ್ಷಗಳಲ್ಲಿ ಒಂಬತ್ತನೇ ತರಗತಿಯ ಎಷ್ಟು ಹುಡುಗರು ಶಾಲೆಯ ಮುಖ್ಯ ತಂಡವಾದ ವಾರ್ಸಿಟಿಯಲ್ಲಿ ಆಡಿದ್ದಾರೆ?

ನನ್ನ ಅಭಿಪ್ರಾಯ ಕೇಳಿದರೆ, ನೀವು ಬರೆದಿರುವಷ್ಟರ ಮೇಲೆ, ಅವನು ಊರಿನ ಶಾಲೆಯಲ್ಲೇ ಇರಲಿ ಎನ್ನುತ್ತೇನೆ. ಆ ಖಾಸಗಿ ಶಾಲೆಯ ಪಾಠ, ಶಿಕ್ಷಕರು, ವಾತಾವರಣದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಹಾಕಿಯನ್ನು ತೆಗೆದರೆ ಅಲ್ಲಿಗೆ ಹೋಗಲು ನಿಮಗೆ ಬೇರೆ ಕಾರಣವಿದ್ದಂತೆ ಕಾಣುವುದಿಲ್ಲ. ಆದರೆ ಶಾಲೆಯನ್ನು ನೋಡಿ ಬಂದ ಮೇಲೆ ಮಗನೇ ಇಷ್ಟಪಟ್ಟರೆ ನನ್ನ ಮಾತನ್ನು ಬಿಟ್ಟುಬಿಡಿ. ಅವನನ್ನು ಅಪ್ಪನ ಎದುರು ಕೂರಿಸಿ ಕೇಳಬೇಡಿ, ಅಭ್ಯಾಸಕ್ಕೆ ಕರೆದೊಯ್ಯುವಾಗ ಕಾರಿನಲ್ಲಿ ಕೇಳಿ. ಅವನು ಹೇಳಿದ್ದನ್ನು ನೀವೇ ಅಪ್ಪನಿಗೆ ಮುಟ್ಟಿಸಿ.

ತೀರ್ಮಾನವನ್ನು ಮಾತ್ರ ಮುಂದೂಡಬೇಡಿ. ಒಂಬತ್ತನೇ ತರಗತಿಗೆ ಮೊದಲ ಬಾರಿ ಸೇರುವಾಗ ಯಾವ ಶಾಲೆ ಆರಿಸಿಕೊಂಡರೂ ವಿದ್ಯಾರ್ಥಿ ಆಡಲು ಅರ್ಹ. ಆಮೇಲೆ ಮನೆ ಬದಲಿಸದೆ ಶಾಲೆ ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ವಾರ್ಸಿಟಿಯಿಂದ ಹೊರಗುಳಿಯಬೇಕಾಗುತ್ತದೆ. “ಒಂದು ವರ್ಷ ನೋಡೋಣ” ಎಂಬ ಮಾತು ಇಲ್ಲಿ ದುಬಾರಿ. ಈ ವಿವರಗಳನ್ನು ಎರಡೂ ಶಾಲೆಗಳ ಆ್ಯಕ್ಟಿವಿಟೀಸ್ ಡೈರೆಕ್ಟರ್ (ಕ್ರೀಡೆ, ಪಠ್ಯೇತರ ಚಟುವಟಿಕೆಗಳ ಮುಖ್ಯಸ್ಥ) ಅವರಿಂದ ಖಚಿತಪಡಿಸಿಕೊಳ್ಳಿ.

ನಿಮ್ಮ ಗೆಳತಿಗೆ ಈ ವಾರವೇ ಫೋನ್ ಮಾಡಿ. ಆಹ್ವಾನ ಬಂದದ್ದು ನಿಜ, ಇನ್ನೂ ಏನೂ ತೀರ್ಮಾನವಾಗಿಲ್ಲ, ಆದಾಗ ಮೊದಲು ನಿನಗೇ ಹೇಳುತ್ತೇನೆ ಎಂದಷ್ಟು ಹೇಳಿದರೆ ಸಾಕು. ಕ್ಷಮೆ ಕೇಳುವ ಅಗತ್ಯವಿಲ್ಲ.