ಒಲೆಯ ಮುಂದೆ ಯಾರಿದ್ದರು?

ಪ್ರಶ್ನೆ: ಮೇಡಂ, ಶಿಲಾಯುಗದಲ್ಲಿ ಗಂಡಸರು ಬೇಟೆಗೆ ಹೋಗುತ್ತಿದ್ದರು, ಹೆಂಗಸರು ಮನೆಯಲ್ಲಿ ಅಡುಗೆ ಮಾಡುತ್ತಿದ್ದರು ಅಂತ ಮಗಳ ಪಾಠದಲ್ಲಿದೆ. ಬರಹವೇ ಇಲ್ಲದ ಕಾಲದಲ್ಲಿ ಮನೆಯೊಳಗೆ ಯಾರಿರುತ್ತಿದ್ದರು ಅಂತ ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗಳಿಗೆ ಚಾತಲ್‌ಹೊಯುಕ್ ಬಗ್ಗೆ ಹೇಳಿ. ಟರ್ಕಿಯ ಕೊನ್ಯಾ ಬಯಲಿನ ದಿಬ್ಬ ಅದು. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿ ಮಣ್ಣಿಟ್ಟಿಗೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡೇ ಎದ್ದವು, ನಡುವೆ ಬೀದಿಯಿಲ್ಲ. ಮಾಳಿಗೆಯ ಮೇಲೆ ನಡೆದು ಬಂದು, ಕಿಂಡಿಯಿಂದ ಏಣಿ ಇಳಿದು ಮನೆ ಸೇರಬೇಕು. ತರಗತಿಯಲ್ಲಿ ನಾನು ಮೊದಲು ಈ ಮನೆಯ ನಕ್ಷೆಯನ್ನೇ ಬರೆಸುತ್ತಿದ್ದೆ. ಒಲೆ ಎಲ್ಲಿದೆ ಅಂತ ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ.

ಒಲೆ ಸಾಮಾನ್ಯವಾಗಿ ದಕ್ಷಿಣದ ಕಡೆ, ಏಣಿಯ ಹತ್ತಿರವೇ ಇರುತ್ತಿತ್ತು. ಜನ ಬರುವ ಕಿಂಡಿಯಿಂದಲೇ ಹೊಗೆಯೂ ಹೋಗಬೇಕು. ಒಲೆ ಸುತ್ತಲಿನ ನೆಲದಲ್ಲಿ ಬೂದಿ, ಮೂಳೆ ಚೂರು. ಉತ್ತರದ ಕಡೆ ಚಾಪೆ ಹಾಸಿದ, ಬಿಳಿ ಮಣ್ಣು ಮೆತ್ತಿದ ಚೊಕ್ಕ ಜಗಲಿಗಳು. ನಮ್ಮಲ್ಲಿ ಹಬ್ಬ ಬಂತೆಂದರೆ ನೆಲ ಸಾರಿಸಿದ ಹಾಗೆ ಅವರು ಮಸಿ ಹಿಡಿದ ಗೋಡೆಗೆ ಮತ್ತೆ ಮತ್ತೆ ಬಿಳಿ ಮಣ್ಣು ಬಳಿದಿದ್ದಾರೆ. ಆ ಲೇಪದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಒಂದು ಬಿಳಿ ಪದರ, ಒಂದು ಕಪ್ಪು ಗೆರೆ, ಹೀಗೇ ಸಾಗುತ್ತದೆ.

ಮಸಿ ಗೋಡೆಯಲ್ಲಷ್ಟೇ ನಿಲ್ಲಲಿಲ್ಲ. ತೀರಿಹೋದವರನ್ನು ಆ ಜಗಲಿಗಳ ಕೆಳಗೇ ಹೂಳುತ್ತಿದ್ದರು. ವಯಸ್ಸಾದವರ ಅಸ್ಥಿಗಳನ್ನು ಹೊರತೆಗೆದಾಗ ಪಕ್ಕೆಲುಬುಗಳ ಒಳಮೈಯಲ್ಲಿ ಇಂಗಾಲದ ಕರಿ ಸಿಕ್ಕಿತು. ಬದುಕಿದ್ದಾಗ ಉಸಿರಿನ ಜೊತೆ ಶ್ವಾಸಕೋಶ ಸೇರಿದ ಹೊಗೆಯದು. ಶ್ವಾಸಕೋಶ ಕರಗಿದ ಮೇಲೆ ಎಲುಬಿಗೆ ಅಂಟಿ ಉಳಿದಿದೆ. 1993ರಿಂದ ಅಲ್ಲಿನ ಸಂಶೋಧನೆಯನ್ನು ಮುನ್ನಡೆಸಿದ ಇಯಾನ್ ಹಾಡರ್ ಈ ಕರಿಯ ಪ್ರಮಾಣದಲ್ಲಿ ಹೆಣ್ಣು ಗಂಡೆಂಬ ವ್ಯತ್ಯಾಸ ಕಾಣಲಿಲ್ಲ ಎಂದು ಬರೆದರು. ಅಂದರೆ ಗಂಡಸರೂ ಅದೇ ಹೊಗೆಯಲ್ಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಕಳೆದಿದ್ದಾರೆ. ನನ್ನ ಮಟ್ಟಿಗೆ ಇಡೀ ಉತ್ಖನನದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಬೇಟೆ ಇರಲಿಲ್ಲವೆಂದಲ್ಲ, ಕಾಡೆತ್ತಿನ ಕೊಂಬುಗಳನ್ನು ಮನೆಯೊಳಗೇ ಕೂರಿಸಿದ್ದಾರೆ. ಆರಂಭದ ಪದರಗಳಲ್ಲಿ, ಅಡುಗೆಯ ಮಡಕೆ ಇನ್ನೂ ಬಳಕೆಗೆ ಬರದಿದ್ದಾಗ, ಕಾಸಿದ ಮಣ್ಣಿನ ಉಂಡೆಗಳಿಂದ ಬೇಯಿಸುತ್ತಿದ್ದರು. ಆ ಉಂಡೆಗಳನ್ನು ಯಾರ ಕೈ ಎತ್ತಿಹಾಕಿತು ಎಂಬುದನ್ನು ಮಸಿ ಹೇಳುವುದಿಲ್ಲ. ಆದರೆ ಗಂಡಸರು ಹೊರಗೆ, ಹೆಂಗಸರು ಒಳಗೆ ಎಂಬ ಗೆರೆಯನ್ನು ಈ ಊರಿನಲ್ಲಿ ಎಳೆಯಲು ಬರುವುದಿಲ್ಲ. ಮೂಳೆಗಳ ರಾಸಾಯನಿಕ ಪರೀಕ್ಷೆಯ ಪ್ರಕಾರ ಇಬ್ಬರ ಊಟದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಪಾಠದ ಆ ಸಾಲಿನ ಪಕ್ಕ ಮಗಳು ‘ಯಾವ ಊರಿನಲ್ಲಿ?’ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ. ನಾಳೆ ಟೀಚರನ್ನು ಧೈರ್ಯವಾಗಿ ಕೇಳಲಿ.