ಹಳೆಯ ಡೆಸ್ಕ್‌ಟಾಪ್‌ಗೆ ಐದು ಹಾರ್ಡ್ ಡಿಸ್ಕ್ ಜೋಡಿಸುವ ಮುನ್ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ನೋಡಿ

ಯುಎಸ್‌ಬಿ ಡಾಕ್ ಕೊಳ್ಳಬೇಡಿ. ನೀವು ಕೇಳಿದ್ದಕ್ಕೆ ನೇರ ಉತ್ತರ ಇಷ್ಟೇ. ಆ ದುಡ್ಡನ್ನು ಬೇರೆ ಎಲ್ಲಿ ಹಾಕಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀವು ಬರೆದಿರುವ ಪ್ರಕಾರ ಸಾಗರದ ಹತ್ತಿರದ ನಿಮ್ಮ ಮನೆಯಲ್ಲಿ, ಅಂಗಡಿಯವರು ಜೋಡಿಸಿಕೊಟ್ಟ ನಾಲ್ಕನೆಯ ತಲೆಮಾರಿನ ಐ5 ಡೆಸ್ಕ್‌ಟಾಪ್ ಇದೆ. ಅದನ್ನೇ ಮನೆಯ ಕಡತಗಳನ್ನೆಲ್ಲ ಇಡುವ ಸರ್ವರ್ ಮಾಡಿಕೊಳ್ಳಬೇಕೆಂದಿದ್ದೀರಿ. ಎಚ್81 ಬೋರ್ಡ್, ಅದರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ನಾಲ್ಕೇ. ಡಿಸ್ಕ್‌ಗಳು ಐದು: 4 ಟಿಬಿಯ ಎರಡು, 2 ಟಿಬಿಯ ಒಂದು, 1 ಟಿಬಿಯ ಎರಡು. ಎಲ್ಲದರಲ್ಲಿ ಹಂಚಿಹೋಗಿರುವ ಮಾಹಿತಿ ಸುಮಾರು 5 ಟಿಬಿ. ಅದರಲ್ಲಿ ಅಜ್ಜ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತಾಳಮದ್ದಲೆಗಳೂ ಯಕ್ಷಗಾನದ ವಿಡಿಯೊಗಳೂ ಇವೆ. ಕ್ಯಾಸೆಟ್ಟುಗಳು ಈಗಾಗಲೇ ಹಾಳಾಗಿವೆ, ಹಾಗಾಗಿ ಡಿಸ್ಕಿನಲ್ಲಿರುವುದೇ ಕೊನೆಯ ಪ್ರತಿ. ಐದನ್ನೂ ಒಂದೇ ಯುಎಸ್‌ಬಿ ಡಾಕ್‌ಗೆ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆಗೆ, ಸಿಕ್ಕಿಸಿದರೆ ಅಗ್ಗದಲ್ಲಿ ಕೆಲಸ ಮುಗಿಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ತೀರ್ಥಹಳ್ಳಿಯವನು. ಮದುವೆ, ಉಪನಯನಗಳ ವಿಡಿಯೊ ಮಾಡುವ ಸ್ಟುಡಿಯೊಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇಂತಹ ಡಿಸ್ಕ್ ರಾಶಿ ನನಗೆ ಹೊಸದಲ್ಲ.

ಯುಎಸ್‌ಬಿಯನ್ನು ಬೇಡ ಎನ್ನುವುದು ವೇಗದ ಕಾರಣಕ್ಕಲ್ಲ. ಮನೆಯ ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 110 ಎಂಬಿಯ ಆಸುಪಾಸು ಸಿಗುತ್ತದೆ, ಅಷ್ಟನ್ನು ಯುಎಸ್‌ಬಿ 3.0 ಸುಲಭವಾಗಿ ಕೊಡುತ್ತದೆ. ತೊಂದರೆ ನಂಬಿಕೆಯದ್ದು. ಡಾಕ್‌ನ ಒಳಗಿನ ಚಿಪ್ ಒಮ್ಮೆ ತಡವರಿಸಿ ರಿಸೆಟ್ ಆದರೆ ಒಂದಲ್ಲ, ಐದೂ ಡಿಸ್ಕ್ ಒಟ್ಟಿಗೆ ಮಾಯವಾಗುತ್ತವೆ. ಬರೆಯುತ್ತಿರುವ ಹೊತ್ತಿನಲ್ಲೇ ಹೀಗಾದರೆ ಕಡತಗಳು ಅರ್ಧಕ್ಕೆ ನಿಲ್ಲುತ್ತವೆ. ಅಗ್ಗದ ಕೆಲವು ಡಾಕ್‌ಗಳು ಎಲ್ಲ ಡಿಸ್ಕ್‌ಗಳಿಗೂ ಒಂದೇ ಸೀರಿಯಲ್ ಸಂಖ್ಯೆ ತೋರಿಸುತ್ತವೆ, ಇನ್ನು ಕೆಲವು ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯನ್ನೇ ಮರೆಮಾಡುತ್ತವೆ. ಸಾಯಲಿರುವ ಡಿಸ್ಕ್ ಮುನ್ಸೂಚನೆ ಕೊಟ್ಟರೂ ಅದು ನಿಮ್ಮನ್ನು ತಲುಪುವುದಿಲ್ಲ. ಬ್ಯಾಕಪ್ ಮಾಡಿ ಕಪಾಟಿನಲ್ಲಿ ಇಡುವ ಡಿಸ್ಕ್‌ಗೆ ಯುಎಸ್‌ಬಿ ಸಾಕು, ಹಗಲೂ ರಾತ್ರಿ ಓಡುವ ಸರ್ವರ್‌ಗೆ ಸಾಲದು.

ಇನ್ನು ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪೋರ್ಟ್ ನಾಲ್ಕು. ಡಿವಿಡಿ ಡ್ರೈವ್ ಇದ್ದರೆ ಬಿಚ್ಚಿಡಿ. ಒಂದು ಪೋರ್ಟ್‌ಗೆ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿ, ಆಪರೇಟಿಂಗ್ ಸಿಸ್ಟಂ ಅದರಲ್ಲಿರಲಿ. ಉಳಿದ ಮೂರಕ್ಕೆ 4, 4 ಮತ್ತು 2 ಟಿಬಿ ಡಿಸ್ಕ್. ಒಂದು 4 ಟಿಬಿಯನ್ನು ಪ್ಯಾರಿಟಿಗೆ (ಬೇರೊಂದು ಡಿಸ್ಕ್ ಸತ್ತರೆ ಅದರ ಮಾಹಿತಿಯನ್ನು ಮರಳಿ ಕಟ್ಟಲು ಬೇಕಾದ ಲೆಕ್ಕಕ್ಕೆ) ಬಿಟ್ಟರೂ ಬಳಸಲು 6 ಟಿಬಿ ಉಳಿಯುತ್ತದೆ. ನಿಮ್ಮಲ್ಲಿರುವುದು 5 ಟಿಬಿ. ಅಂದರೆ ಸದ್ಯಕ್ಕೆ ಡಾಕ್ ಬೇಡ, ಕಾರ್ಡ್ ಸಹ ಬೇಡ. 1 ಟಿಬಿಯ ಎರಡನ್ನೂ ಸರ್ವರ್‌ನ ಹೊರಗಿಡಿ. ಅವುಗಳ ಕೆಲಸವನ್ನು ಮುಂದೆ ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಸಣ್ಣ ಡಿಸ್ಕ್‌ಗಳನ್ನು ಗುಡ್ಡೆ ಹಾಕುವುದರಿಂದ ಉಳಿತಾಯವೇನೂ ಆಗುವುದಿಲ್ಲ. 3.5 ಇಂಚಿನ ಒಂದು ಡಿಸ್ಕ್ ಸುಮ್ಮನೆ ತಿರುಗುತ್ತಿದ್ದರೂ 5 ವ್ಯಾಟ್ ತಿನ್ನುತ್ತದೆ, ತಿಂಗಳಿಗೆ ಮೂರೂವರೆ ಯೂನಿಟ್‌ಗಿಂತ ಹೆಚ್ಚು. ಕೆಡಬಹುದಾದ ವಸ್ತುವೂ ಒಂದು ಹೆಚ್ಚಾಯಿತು.

ಮುಂದೆ ಬೆಳೆಸುತ್ತೇನೆ ಎಂದಿದ್ದೀರಿ. ಆಗ ಬೋರ್ಡ್‌ನ ಖಾಲಿ ಸ್ಲಾಟ್‌ಗೆ ಸಾಟಾ ಕಾರ್ಡ್ ಹಾಕಬೇಕು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬಣ್ಣಕ್ಕೆ ಮರುಳಾಗದೆ ಒಳಗಿನ ಚಿಪ್ ಯಾವುದೆಂದು ಕೇಳಿ. ನಾಲ್ಕು ಪೋರ್ಟ್ ಸಾಕಾದರೆ ಎಎಸ್‌ಎಂ1064, ಆರು ಬೇಕಾದರೆ ಎಎಸ್‌ಎಂ1166, ಐದಾದರೆ ಜೆಎಂಬಿ585. ಹತ್ತು, ಹದಿನಾರು ಪೋರ್ಟ್ ಎಂದು ಕೈಗೆಟಕುವ ಬೆಲೆಗೆ ಮಾರುವ ಕಾರ್ಡ್‌ಗಳ ಹತ್ತಿರ ಹೋಗಬೇಡಿ. ಅವು ಸಾಮಾನ್ಯವಾಗಿ ಪೋರ್ಟ್ ಮಲ್ಟಿಪ್ಲೈಯರ್ ಚಿಪ್ ಹಾಕಿ ಒಂದು ಪೋರ್ಟನ್ನು ಹಲವಾಗಿ ಒಡೆದಿರುತ್ತವೆ. ಒಂದು ಡಿಸ್ಕ್ ಕೈಕೊಟ್ಟರೆ ಅದರ ಜೊತೆಗಿರುವವೂ ತೊದಲುತ್ತವೆ. ನಿಮ್ಮ ಎಚ್81ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆಂದು ಇರುವ ಉದ್ದನೆಯ ಸ್ಲಾಟ್ ಎರಡನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್. ಅದರಲ್ಲಿ ಮಾಹಿತಿ ಓಡಾಡುವ ದಾರಿಯಾದ ಲೇನ್ ಒಂದಕ್ಕೆ ಸೆಕೆಂಡಿಗೆ 500 ಎಂಬಿ. ಎಎಸ್‌ಎಂ1166 ಎರಡು ಲೇನ್ ಬಳಸುವುದರಿಂದ ಒಟ್ಟು 1000 ಎಂಬಿ ಸಿಗುತ್ತದೆ. ಐದು ಡಿಸ್ಕ್ ಒಟ್ಟಿಗೆ ಓದಿದರೂ ಇದು ಬಹುಮಟ್ಟಿಗೆ ಸಾಕು. ಕಾರ್ಡ್ ಚಿಕ್ಕದು, ಸ್ಲಾಟ್ ಉದ್ದ ಎಂಬ ಅನುಮಾನ ಬೇಡ, ಸರಿಯಾಗಿ ಕೂರುತ್ತದೆ.

ಎಂಟು ಡಿಸ್ಕ್ ಎಂಬ ಕನಸಿದ್ದರೆ ದೊಡ್ಡ ಕಂಪನಿಗಳ ಸರ್ವರ್‌ನಿಂದ ಹೊರಬಂದ ಎಲ್‌ಎಸ್‌ಐ 9211-8ಐ ಅಥವಾ 9207-8ಐ ಕಾರ್ಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೋ ಆನ್‌ಲೈನ್‌ನಲ್ಲಿಯೋ ಸೆಕೆಂಡ್ ಹ್ಯಾಂಡ್ ಸಿಗಬಹುದು. ಡಿಸ್ಕ್‌ಗಳನ್ನು ಇದ್ದ ಹಾಗೆಯೇ ಸಿಸ್ಟಂಗೆ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ಹಾಕಿದೆಯೇ ಎಂದು ಕೇಳಿಯೇ ಕೊಳ್ಳಿ. ಅದಕ್ಕೆ ಬೇಕಾದದ್ದು ಒಂದು ತುದಿಯಲ್ಲಿ ಎಸ್‌ಎಫ್‌ಎಫ್-8087, ಇನ್ನೊಂದು ತುದಿಯಲ್ಲಿ ನಾಲ್ಕು ಸಾಟಾ ಇರುವ ಫಾರ್ವರ್ಡ್ ಕೇಬಲ್. ನೋಡಲು ಹಾಗೆಯೇ ಇರುವ ರಿವರ್ಸ್ ಕೇಬಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಆ ಕಾರ್ಡ್ ಚೆನ್ನಾಗಿ ಬಿಸಿಯಾಗುವುದರಿಂದ ಅದರ ಮೇಲೆ ಗಾಳಿ ಬೀಸುವಂತೆ ಒಂದು ಫ್ಯಾನ್ ಬೇಕು.

ಪೋರ್ಟಿನ ವಿಷಯ ಇಲ್ಲಿಗೆ ಮುಗಿಯಿತು. ಜನ ಪೋರ್ಟಿನ ಬಗ್ಗೆ ವಾರಗಟ್ಟಲೆ ಯೋಚಿಸಿ, ವಿದ್ಯುತ್ತಿನ ಬಗ್ಗೆ ಒಂದು ನಿಮಿಷವೂ ಯೋಚಿಸುವುದಿಲ್ಲ. ನನಗೆ ನಿಜವಾಗಿ ಕಳವಳವಾಗುವುದು ಇದರಿಂದ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಐದು ಡಿಸ್ಕ್ ಎಂದರೆ 10 ಆಂಪಿಯರ್, 120 ವ್ಯಾಟ್. ಇದರ ಜೊತೆಗೆ ಅದೇ ಸಾಲಿನಿಂದ ಪ್ರೊಸೆಸರ್‌ಗೂ ಹೋಗಬೇಕು. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೇಲಿನ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುವುದನ್ನು ನೀವು ನೋಡಿರುತ್ತೀರಿ, ಇದೂ ಹಾಗೆಯೇ. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದು ಬರೆದಿದ್ದರೂ ಪಕ್ಕದ ಕೋಷ್ಟಕದಲ್ಲಿ 12 ವೋಲ್ಟ್ ಎದುರಿಗೆ ಇರುವ ಆಂಪಿಯರ್ ಸಂಖ್ಯೆಯೇ ನಿಜವಾದ ಶಕ್ತಿ. ಅಗ್ಗದವುಗಳಲ್ಲಿ ಆ ಸಂಖ್ಯೆ ನಿರಾಸೆ ತರುವಷ್ಟು ಚಿಕ್ಕದಾಗಿರುತ್ತದೆ. ಡಾಕ್‌ಗೆಂದು ಎತ್ತಿಟ್ಟ ಹಣವನ್ನು ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್‌ಗೆ ಹಾಕಿ. ನಿಮ್ಮದು ಅಂಗಡಿಯಲ್ಲಿ ಜೋಡಿಸಿದ ಯಂತ್ರವಾದ್ದರಿಂದ ಸಾಮಾನ್ಯ ಎಟಿಎಕ್ಸ್ ಅಳತೆಯದು ಕೂರುತ್ತದೆ. ದೊಡ್ಡ ಕಂಪನಿಗಳ ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಪ್ಲಗ್ ಬೇರೆಯೇ ಇರುವುದುಂಟು, ಆ ತಲೆನೋವು ನಿಮಗಿಲ್ಲ.

ಪವರ್ ಕೇಬಲ್ ಸಾಲದೆ ಬಂದಾಗ ಅಂಗಡಿಯಲ್ಲಿ ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕನೆಕ್ಟರ್ ಕೊಡುತ್ತಾರೆ. ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ. ತಂತಿಗಳು ಹಿಂದಿನಿಂದ ಒಂದೊಂದಾಗಿ ಒಳಹೋಗಿ, ಹಿಂಬದಿಗೆ ತೆಗೆಯಬಹುದಾದ ಮುಚ್ಚಳವಿದ್ದು, ಒಳಗೆ ಲೋಹದ ಹಲ್ಲುಗಳು ಬೇರೆಬೇರೆಯಾಗಿ ಕಾಣುತ್ತಿದ್ದರೆ ತೆಗೆದುಕೊಳ್ಳಬಹುದು. ತಂತಿಯ ಸುತ್ತ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದು ಒಂದೇ ಗಟ್ಟಿಯಾಗಿಸಿದ್ದರೆ ವಾಪಸ್ ಕೊಡಿ. ಅಂಥದ್ದರೊಳಗೆ ತಂತಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುತ್ತವೆ, ಕ್ರಮೇಣ ಸುಟ್ಟು ಬೆಂಕಿ ಹತ್ತಿದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಸಾಟಾ ಪವರ್ ಪ್ಲಗ್‌ನ 12 ವೋಲ್ಟ್ ಪಿನ್‌ಗಳು ಒಟ್ಟಾರೆ ತಾಳುವುದು 4.5 ಆಂಪಿಯರ್, ಆದ್ದರಿಂದ ಒಂದು ಸಾಟಾ ಪ್ಲಗ್ಗನ್ನು ಎರಡಕ್ಕಿಂತ ಹೆಚ್ಚು ಡಿಸ್ಕ್‌ಗಳಿಗೆ ಹಂಚಬೇಡಿ.

ನಮ್ಮ ಕಡೆಯ ಕರೆಂಟಿನ ಕಥೆ ನಿಮಗೇ ಗೊತ್ತು. ಭರಣಿ, ಕೃತ್ತಿಕೆಯ ಗುಡುಗು ಮಿಂಚಿನಲ್ಲಿ ಹೊಡೆತ, ಆರಿದ್ರೆ ಹಿಡಿದ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲೆ. ಮೊದಲು ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ. ಆಮೇಲೆ ಯುಎಸ್‌ಬಿ ಮೂಲಕ ಕಂಪ್ಯೂಟರ್ ಜೊತೆ ಮಾತನಾಡುವ ಯುಪಿಎಸ್ ಕೊಳ್ಳಿ. ಮನೆಯ ಇನ್ವರ್ಟರ್ ಇದ್ದರೂ ಇದು ಬೇಕು, ಏಕೆಂದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಸಾಮಾನ್ಯ ಇನ್ವರ್ಟರ್ ಸರ್ವರ್‌ಗೆ ಹೇಳುವುದಿಲ್ಲ. ಲಿನಕ್ಸ್‌ನಲ್ಲಿ ನಟ್ ಎಂಬ ತಂತ್ರಾಂಶ ಹಾಕಿದರೆ, ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರ್ ತಾನಾಗಿಯೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ತೇವದ ಬಗ್ಗೆ ಅಷ್ಟು ಹೆದರಬೇಕಿಲ್ಲ, ಓಡುತ್ತಿರುವ ಯಂತ್ರ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ಗೋಡೆಗೆ ಒತ್ತಿ ನೆಲದ ಮೇಲೆ ಮಾತ್ರ ಇಡಬೇಡಿ. ಇರುವೆ, ಹಲ್ಲಿ ನುಗ್ಗದಂತೆ ಹಿಂಬದಿಯ ಖಾಲಿ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಹಾಕಿ. ಡಿಸ್ಕಿನ ಮೈಮೇಲೆ ಉಸಿರಾಟದ ಸಣ್ಣ ರಂಧ್ರ ಇರುತ್ತದೆ, ಅದಕ್ಕೆ ಟೇಪ್ ಅಂಟಿಸಬೇಡಿ.

ತಂತ್ರಾಂಶಕ್ಕೆ ನನ್ನ ಸಲಹೆ ಲಿನಕ್ಸ್ ಆಧಾರಿತ ಓಪನ್ ಮೀಡಿಯಾ ವಾಲ್ಟ್, ಅದರ ಮೇಲೆ ಎಲ್ಲ ಡಿಸ್ಕ್‌ಗಳನ್ನು ಒಂದೇ ಎಂಬಂತೆ ತೋರಿಸುವ ಮರ್ಜರ್‌ಎಫ್‌ಎಸ್ ಮತ್ತು ಪ್ಯಾರಿಟಿ ನೋಡಿಕೊಳ್ಳುವ ಸ್ನ್ಯಾಪ್‌ರೇಡ್. ಬೇರೆಬೇರೆ ಅಳತೆಯ ಡಿಸ್ಕ್‌ಗಳಿಗೆ ಹೇಳಿ ಮಾಡಿಸಿದ ಜೋಡಿ ಇದು. ಪ್ರತಿ ಡಿಸ್ಕೂ ಸ್ವತಂತ್ರ. ಯಂತ್ರವೇ ಸತ್ತರೂ ಒಂದು ಡಿಸ್ಕನ್ನು ಬಿಚ್ಚಿ ಬೇರೆ ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿದರೆ ಅದರಲ್ಲಿರುವುದನ್ನು ಓದಬಹುದು. ಪ್ಯಾರಿಟಿ ಡಿಸ್ಕ್ ಮಾತ್ರ ಉಳಿದವುಗಳಲ್ಲಿ ಅತಿ ದೊಡ್ಡದಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಸಿಂಕ್ ಮಾಡಿದ (ಅಂದರೆ ಪ್ಯಾರಿಟಿಯನ್ನು ಈಗಿನ ಕಡತಗಳಿಗೆ ಹೊಂದಿಸಿದ) ನಂತರ ಸೇರಿಸಿದ ಕಡತಗಳಿಗೆ ಮುಂದಿನ ಸಿಂಕ್‌ವರೆಗೆ ರಕ್ಷಣೆ ಇಲ್ಲ, ಆದ್ದರಿಂದ ಪ್ರತಿ ರಾತ್ರಿ ತಾನಾಗಿಯೇ ಸಿಂಕ್ ಆಗುವಂತೆ ಹೊಂದಿಸಿ. ನಿಮ್ಮ ಡಿಸ್ಕ್‌ಗಳು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆದವು. ಒಂದನ್ನು ಖಾಲಿ ಮಾಡಿ, ಲಿನಕ್ಸ್‌ನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಮಾಹಿತಿ ತುಂಬಿ, ತೆರೆದು ಪರೀಕ್ಷಿಸಿ, ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕಿ. ಯಾವುದು ಯಾವುದೆಂದು ತಪ್ಪದಿರಲು ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಕಾಗದದ ಪಟ್ಟಿಯಲ್ಲಿ ಬರೆದು, ಕ್ಯಾಬಿನೆಟ್‌ನಲ್ಲಿ ಹೊರಗೆ ಕಾಣುವ ಅಂಚಿಗೆ ಅಂಟಿಸಿ.

ಸ್ಮಾರ್ಟ್ ವರದಿಯಲ್ಲಿ ಎಲ್ಲ ಸಾಲುಗಳನ್ನೂ ನೋಡುತ್ತ ಕೂರಬೇಕಿಲ್ಲ. 5 ಮತ್ತು 197ನೆಯ ಸಾಲುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಬಹುಮಟ್ಟಿಗೆ ಸರಿಯಾಗಿಯೇ ಇದೆ, ಸಾಟಾ ಕೇಬಲ್ ಬದಲಿಸಿ ನೋಡಿ. ಈ ಒಂದು ವಿಷಯ ತಿಳಿಯದೆ ಚೆನ್ನಾಗಿದ್ದ ಡಿಸ್ಕ್ ಎಸೆದವರು ಬೇಕಾದಷ್ಟಿದ್ದಾರೆ. ಹೊಸದು ಕೊಳ್ಳುವಾಗ ಸಿಎಂಆರ್ (ಮಾಹಿತಿಯ ಸಾಲುಗಳನ್ನು ಬೇರೆಬೇರೆಯಾಗಿ ಬರೆಯುವ ಬಗೆ) ಎಂದು ಖಚಿತಪಡಿಸಿಕೊಳ್ಳಿ, ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಬೇಡ. ಡಬ್ಲ್ಯುಡಿ ಕಂಪನಿಯ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಹೊರಬಿದ್ದು ದೊಡ್ಡ ಗಲಾಟೆಯೇ ಆಗಿತ್ತು. ದೀರ್ಘಕಾಲ ಎಡೆಬಿಡದೆ ಬರೆಯುವಾಗ ಅವು ತೀರಾ ನಿಧಾನವಾಗುತ್ತವೆ.

ಈಗ ಆ 1 ಟಿಬಿಯ ಎರಡು ಡಿಸ್ಕ್. ಪ್ಯಾರಿಟಿ ಇದ್ದರೆ ಒಂದು ಡಿಸ್ಕ್ ಸತ್ತಾಗ ಬಚಾವಾಗಬಹುದು. ಸಿಡಿಲು, ಕಳ್ಳತನ, ಕೈತಪ್ಪಿ ಅಳಿಸಿ ಸಿಂಕ್ ಮಾಡಿಬಿಟ್ಟದ್ದು, ಇವುಗಳಿಂದ ಅದು ಕಾಪಾಡುವುದಿಲ್ಲ. ನಿಮ್ಮ ಅಜ್ಜನ ತಾಳಮದ್ದಲೆಗಳ ಧ್ವನಿಮುದ್ರಣ 1 ಟಿಬಿಯಲ್ಲಿ ಆರಾಮವಾಗಿ ಹಿಡಿಯುತ್ತದೆ. ಎರಡು ಡಿಸ್ಕ್‌ಗಳಿಗೂ ಅದನ್ನೇ ಪೂರ್ತಿಯಾಗಿ ನಕಲು ಮಾಡಿ. ಒಂದು ನಿಮ್ಮ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿರಲಿ. ಇನ್ನೊಂದು ಶಿವಮೊಗ್ಗದಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ನೆಂಟರ ಮನೆಯಲ್ಲಿರಲಿ. ಹಬ್ಬಕ್ಕೆ ಅವರು ಊರಿಗೆ ಬಂದಾಗಲೆಲ್ಲ ಎರಡನ್ನೂ ಅದಲುಬದಲು ಮಾಡಿ, ಹೊಸದಾಗಿ ಸೇರಿದ್ದನ್ನು ಬರೆದು ಕಳಿಸಿ. ಸರ್ವರ್ ಕೆಲಸ ಶುರು ಮಾಡುವ ಮೊದಲೇ, ಈ ವಾರವೇ, ಈ ನಕಲು ಮುಗಿಸಿ. 1 ಟಿಬಿ ಡಿಸ್ಕ್‌ಗಳಲ್ಲಿ ಈಗ ಇರುವುದನ್ನು 4 ಟಿಬಿಗೆ ಸಾಗಿಸಿ, ತೆರೆದು ನೋಡಿದ ಮೇಲೆಯೇ ಅವನ್ನು ಅಳಿಸಿ.

ಕ್ಯಾಬಿನೆಟ್‌ನ ಪಕ್ಕದ ಹಲಗೆ ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಕೋಷ್ಟಕದ ಫೋಟೊ ತೆಗೆದು ನನಗೆ ಕಳಿಸಿ. ಒಳಗೆ 3.5 ಇಂಚಿನ ಡಿಸ್ಕ್ ಕೂರಿಸಲು ಎಷ್ಟು ಜಾಗಗಳಿವೆ ಎಂಬುದನ್ನೂ ಎಣಿಸಿ ಬರೆಯಿರಿ. ಈಗಿನ ಎಸ್‌ಎಂಪಿಎಸ್ ಮೂರು ಡಿಸ್ಕ್‌ಗೆ ಸಾಕೇ, ಬದಲಿಸಲೇಬೇಕೇ ಎಂದು ನೋಡಿ ಹೇಳುತ್ತೇನೆ.